ಹೋಲ್ಡಾನ್ ರಾಮಲಿಂಗಯ್ಯನವರು

ರಾಮಲಿಂಗಯ್ಯನವರು ಅಲುಗದ ನೆಲದ ಮೇಲೂ ಅಲುಗದೆ ನಿಂತವರಲ್ಲ. ಕೂಟಗಲ್ಲಿನ ಹಾಲಿನ ಡೇರಿಯ ಸಾಲಿನಲ್ಲಿರಲಿ, ಯಾರದೋ ಮದುವೆಯ ಧಾರೆ ಮಂಟಪದ ಪಕ್ಕದಲ್ಲಿರಲಿ, ಪಾದಗಳೆರಡನ್ನೂ ಅಗಲಕ್ಕೆ ಊರಿ, ಮಂಡಿಗಳನ್ನು ತುಸು ಸಡಿಲಿಸಿ, ಕಣ್ಣಿಗೆ ಕಾಣದ ಯಾವುದೋ ಕಂಬಕ್ಕೆ ಸೊಂಟ ಆನಿಸಿದವರಂತೆ ಒಂದು ಪಕ್ಕಕ್ಕೆ ವಾಲಿ ನಿಲ್ಲುತ್ತಿದ್ದರು. ಇನ್ನೇನು ತಿರುವು ಬಂತು, ಇನ್ನೇನು ಬ್ರೇಕು ಬಿತ್ತು ಎಂಬ ಸನ್ನದ್ಧತೆ ಆ ದೇಹದಲ್ಲಿ ಸದಾ ಜಾಗೃತವಾಗಿತ್ತು. ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ರಾಮನಗರ, ಕನಕಪುರ, ಕೋಡಿಹಳ್ಳಿಗಳ ನಡುವೆ ಆಯುಷ್ಯದ ಬಹುಭಾಗವನ್ನು ನಿಂತೇ ಕಳೆದವರು. ನಿವೃತ್ತಿಯಾದದ್ದು ಕೆಲಸದಿಂದಷ್ಟೇ, ಕಾಲುಗಳಿಗೆ ಆ ಆದೇಶ ಇನ್ನೂ ತಲುಪಿರಲಿಲ್ಲ.

ಮಾತೂ ಹಾಗೆಯೇ. ಮನೆಗೆ ನೆಂಟರು ಬಂದರೆ "ಬನ್ನಿ, ಬನ್ನಿ, ಒಳಕ್ಕೆ ನಡೀರಿ, ಜಾಗ ಐತೆ" ಎನ್ನುವರು. ಒಪ್ಪಿಗೆಯಾದರೆ "ರೈಟ್" ಎನ್ನುವರು. ಊಟದ ಪಂಕ್ತಿಯಲ್ಲಿ ಯಾರಾದರೂ ನಿಂತಿರುವುದು ಕಂಡರೆ ಅವರಿಗೆ ತುತ್ತು ಇಳಿಯುತ್ತಿರಲಿಲ್ಲ. ಕೂತವರನ್ನೆಲ್ಲ "ಒಸಿ ಸರ್ಕೊಳಿ, ಒಸಿ ಸರ್ಕೊಳಿ" ಎಂದು ಜರುಗಿಸಿ, ನಿಂತವರಿಗೊಂದು ಎಲೆ ಹಾಕಿಸಿದ ಮೇಲೆಯೇ ಸಮಾಧಾನ. ಜಗತ್ತಿನಲ್ಲಿ ಎಲ್ಲರಿಗೂ ಜಾಗವಿದೆ, ಸರಿದು ಕೂರುವ ಮನಸ್ಸು ಮಾತ್ರ ಬೇಕು ಎಂಬುದು ಅವರು ಯಾರಿಂದಲೂ ಕಲಿಯದೆ ನಂಬಿದ್ದ ವೇದಾಂತ.

ಇಲಾಖೆಯ ಖಾಕಿ ಕೋಟನ್ನು ಅವರು ಬಿಟ್ಟಿರಲಿಲ್ಲ. ಗುಂಡಿಗಳು ಬದಲಾಗಿದ್ದವು, ಮೊಣಕೈಗೆ ಹೆಂಡತಿ ಕಾವೇರಮ್ಮ ಬೇರೆ ಬಣ್ಣದ ತೇಪೆ ಹಾಕಿದ್ದರು. ಆದರೆ ಕೋಟಿನ ಮಹಿಮೆಯಿದ್ದದ್ದು ಅದರ ಜೇಬುಗಳಲ್ಲಿ. ಒಂದು ಕಾಲದಲ್ಲಿ ಟಿಕೆಟ್ಟು, ಚಿಲ್ಲರೆ ತುಂಬಿರುತ್ತಿದ್ದ ಆ ವಿಶಾಲ ಜೇಬುಗಳಲ್ಲಿ ಈಗ ಆಧಾರ್ ಕಾರ್ಡಿನ, ಪಿಂಚಣಿ ಆದೇಶದ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಪ್ರತಿಗಳು ಒಂದು ಪ್ಲಾಸ್ಟಿಕ್ ಕವರಿನೊಳಗೆ ಬೆಚ್ಚಗಿರುತ್ತಿದ್ದವು. ಸಿಮ್ ಮಾರುವವನು ಕೇಳಿದರೆ ಒಂದು, ಗ್ಯಾಸಿನವನು ಕೇಳಿದರೆ ಒಂದು, ಸಂತೆಯಲ್ಲಿ ಉಚಿತ ಕಣ್ಣಿನ ತಪಾಸಣೆಯವರು ಕೇಳಿದರೆ ಒಂದು. ಟಿಕೆಟ್ ಹರಿದು ಕೊಟ್ಟಷ್ಟೇ ಸಲೀಸಾಗಿ ಅವರು ತಮ್ಮನ್ನು ತಾವು ಹರಿದು ಹಂಚುತ್ತಿದ್ದರು. "ಕಳ್ಳ ಅಲ್ಲ, ಸುಳ್ಳ ಅಲ್ಲ, ನಮ್ ಕಾಗ್ದ ತಕಂಡು ಯಾರ್ ಏನ್ ಮಾಡಾರು?" ಎನ್ನುವುದು ಅವರ ವಾದ. ಆ ವಾದದಲ್ಲಿ ಹುಳುಕಿರಲಿಲ್ಲ, ಅವರ ಕಾಲ ಮಾತ್ರ ಹಿಂದೆ ಸರಿದಿತ್ತು.

ಅವರ ಜೊತೆಗಾರ ಡ್ರೈವರ್ ಚನ್ನಯ್ಯ, ಕೈಲಾಂಚದವರು. ಒಂದೇ ಬಸ್ಸಿನಲ್ಲಿ ಇಬ್ಬರೂ ಬಹಳ ವರ್ಷ ದುಡಿದಿದ್ದರು. ರಾಮಲಿಂಗಯ್ಯನವರು ಎಷ್ಟು ಮಾತೋ ಚನ್ನಯ್ಯ ಅಷ್ಟು ಮೌನ. ಇಡೀ ದಾರಿ ರಾಮಲಿಂಗಯ್ಯನವರು ಹಿಂದೆ ಲೋಕವನ್ನೇ ಮಾತಾಡಿಸುತ್ತಿದ್ದರೆ, ಚನ್ನಯ್ಯ ಮುಂದೆ ರಸ್ತೆಯನ್ನಷ್ಟೇ ನೋಡುತ್ತ ಒಂದು "ಹೂಂ"ನಲ್ಲಿ ದಿನ ಕಳೆಯುತ್ತಿದ್ದರು. ನಿವೃತ್ತಿಯ ನಂತರವೂ ಇಬ್ಬರೂ ಬದುಕಿದ್ದೇವೆಂದು ಪ್ರತಿವರ್ಷ ಕಚೇರಿಗೆ ಸಾಬೀತು ಮಾಡಲು ಜೊತೆಯಾಗಿಯೇ ಹೋಗುತ್ತಿದ್ದರು. ಬೆರಳಚ್ಚು ಕೊಟ್ಟು ಹೊರಬಂದು, ರಾಮನಗರದಲ್ಲಿ ಒಂದೊಂದು ಖಾಲಿ ದೋಸೆ ತಿಂದು, ಇನ್ನೊಂದು ವರ್ಷಕ್ಕೆ ಬದುಕು ಮಂಜೂರಾಯಿತು ಎಂದು ನಗುತ್ತ ಬೀಳ್ಕೊಳ್ಳುತ್ತಿದ್ದರು.

ಹೀಗಿರುವಾಗ ರಾಮನಗರದ ಬಸ್ ನಿಲ್ದಾಣದ ಹತ್ತಿರ ಒಂದು ದೊಡ್ಡ ಬಣ್ಣದ ಕೊಡೆ ಬಿಚ್ಚಿಕೊಂಡಿತು. ಕೊಡೆಯ ಕೆಳಗೆ ಒಂದು ಮೇಜು, ಇಸ್ತ್ರಿ ಅಂಗಿಯ ಇಬ್ಬರು ಯುವಕರು, ಕೊರಳಲ್ಲಿ ಫೋಟೋ ಇರುವ ಕಾರ್ಡು. ನಿವೃತ್ತರಿಗೆ ಬರಬೇಕಾದ್ದಕ್ಕಿಂತ ಕಡಿಮೆ ಪಿಂಚಣಿ ಬರುತ್ತಿದೆ, ಹೆಚ್ಚಿನ ಪಿಂಚಣಿಯನ್ನು ತಾವು ಕೊಡಿಸುತ್ತೇವೆ, ಅದಕ್ಕೆ ಶುಲ್ಕವಿಲ್ಲ, ಕಾಗದಗಳ ಪ್ರತಿ ಕೊಟ್ಟರೆ ಸಾಕು ಎಂದು ಅವರು ವಿನಯದಿಂದ ಹೇಳುತ್ತಿದ್ದರು. ರಾಮಲಿಂಗಯ್ಯನವರನ್ನು ಗೆದ್ದದ್ದು ಆ ಶುಲ್ಕವಿಲ್ಲವೆಂಬ ಮಾತು. "ಕಾಸೇ ಕೇಳ್ದಿರೋನು ಕಳ್ಳ ಹೆಂಗಾಯ್ತಾನೆ?" ಎಂದು, ಕೋಟಿನ ಜೇಬಿನಿಂದ ಪ್ರತಿಗಳನ್ನು ತೆಗೆದು ಮೇಜಿನ ಮೇಲಿಟ್ಟರು, ಹೆಂಡತಿಯ ಹೆಸರು, ಫೋನ್ ನಂಬರು, ನಿವೃತ್ತಿಯ ದಿನ, ಕೇಳಿದ್ದನ್ನೂ ಕೇಳದ್ದನ್ನೂ ಹೇಳಿದರು.

ಅಷ್ಟಕ್ಕೆ ನಿಂತಿದ್ದರೆ ಅದು ಒಬ್ಬರ ಕಥೆಯಾಗುತ್ತಿತ್ತು. ಆದರೆ ಒಳ್ಳೆಯದು ಸಿಕ್ಕ ಕಡೆ ಒಬ್ಬರೇ ಕೂರುವುದು ರಾಮಲಿಂಗಯ್ಯನವರ ಜಾಯಮಾನವಲ್ಲವಲ್ಲ. ಅಂದಿನಿಂದ ಅವರು ಆ ಕೊಡೆಯ ಪಕ್ಕದಲ್ಲೇ ಕಾಲಗಲಿಸಿ ನಿಂತು, ಹಳೆಯ ಸಹೋದ್ಯೋಗಿಗಳು ಕಂಡರೆ ಕೈಬೀಸಿ ಕರೆದರು, ಕಾಣದವರಿಗೆ ಫೋನು ಮಾಡಿ ಕರೆಸಿದರು. ಡಿಪೋದ ಮೆಕ್ಯಾನಿಕ್ಕೊಬ್ಬರ ಹೆಂಡತಿ, ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಯಲ್ಲಿ ಚನ್ನಪಟ್ಟಣದಲ್ಲಿ ಬದುಕುತ್ತಿದ್ದ ದೊಡ್ಡಲಕ್ಷ್ಮಮ್ಮನವರನ್ನು ಬಸ್ಸು ಹತ್ತಿಸಿ ಕರೆತಂದರು. ಚನ್ನಯ್ಯ ಹಿಂದುಮುಂದು ನೋಡಿದಾಗ, "ಬಾರ್ಲಾ, ನಾನಿಲ್ವಾ?" ಎಂದು ತೋಳು ಹಿಡಿದು ಮೇಜಿನ ಮುಂದೆ ಕೂರಿಸಿದರು. ಎಲ್ಲರೂ ಕಾಗದ ಕೊಟ್ಟದ್ದು ಕೊಡೆಯವರನ್ನು ನಂಬಿ ಅಲ್ಲ, ಖಾಕಿ ಕೋಟನ್ನು ನಂಬಿ.

ಕೊಡೆ ಮಾಯವಾಗಿ ಕೆಲವು ವಾರಗಳಾದ ಮೇಲೆ, ಒಂದು ಬೆಳಿಗ್ಗೆ ರಾಮಲಿಂಗಯ್ಯನವರ ಫೋನು ಮೊಳಗಿತು. ಮನೆಯಲ್ಲಿ ರೇಷ್ಮೆ ಹುಳುಗಳು ಕೊನೆಯ ಪೊರೆ ಕಳಚಿ ಹಸಿದೆದ್ದ ಸಮಯ. ಎಷ್ಟು ಸೊಪ್ಪು ಹಾಕಿದರೂ ಮಳೆ ಹನಿದಂತೆ ಚರಚರ ತಿಂದು ಮುಗಿಸುತ್ತಿದ್ದವು. ಕಾವೇರಮ್ಮ ಹುಳುಮನೆಯಲ್ಲಿದ್ದರು. ಸೊಪ್ಪಿನ ಹೊರೆ ಇಳಿಸಿ ಜಗಲಿಯ ಮೇಲೆ ಕೂತ ರಾಮಲಿಂಗಯ್ಯನವರು ಫೋನು ಕಿವಿಗಿಟ್ಟರು.

"ರಾಮಲಿಂಗಯ್ಯ ಸಾರ್ ಅಲ್ವಾ? ನಮಸ್ಕಾರ ಸಾರ್, ಪಿಂಚಣಿ ಆಫೀಸಿಂದ ಮಾತಾಡ್ತಿದೀನಿ. ನಿಮ್ಮ ಜೀವನ ಪ್ರಮಾಣ ಪತ್ರ ಈ ಸಲ ರಿಜೆಕ್ಟ್ ಆಗಿದೆ."

ಆ ದನಿ ಅವರ ಪಿಂಚಣಿ ನಂಬರನ್ನು ತಪ್ಪಿಲ್ಲದೆ ಹೇಳಿತು. ನಿವೃತ್ತಿಯಾದ ದಿನ ಹೇಳಿತು. "ಮನೆಯವರು ಕಾವೇರಮ್ಮ ಚೆನ್ನಾಗಿದಾರಾ?" ಎಂದಿತು. ರಾಮಲಿಂಗಯ್ಯನವರಿಗೆ ಅನುಮಾನ ಬರಲಿಲ್ಲ, ಹೆಮ್ಮೆ ಬಂತು. ಇಷ್ಟು ದೊಡ್ಡ ಕಚೇರಿ ತಮ್ಮಂಥವನನ್ನು ಇಷ್ಟು ನೆನಪಿಟ್ಟುಕೊಂಡಿದೆಯಲ್ಲ ಎಂದು ಬೆನ್ನು ನೆಟ್ಟಗೆ ಮಾಡಿ ಕೂತರು.

"ನೀವು ಹಿರಿಯರು, ಬಿಸಿಲಲ್ಲಿ ಓಡಾಡ್ಬೇಡಿ ಸಾರ್. ಎಲ್ಲ ಫೋನಲ್ಲೇ ಮುಗಿಸ್ತೀನಿ. ಈಗೊಂದು ಮೆಸೇಜ್ ಬರತ್ತೆ, ಅದರಲ್ಲಿರೋ ನಂಬರ್ ಓದಿ ಹೇಳಿ, ಸಾಕು."

ಮೆಸೇಜು ಬಂತು. ಕನ್ನಡಕ ಹಿಪ್ಪುನೇರಳೆ ತೋಟದಲ್ಲೇ ಉಳಿದಿತ್ತು. "ಲೇ ಇವ್ಳೇ, ಒಸಿ ಬಾ ಇಲ್ಲಿ" ಎಂದು ಹೆಂಡತಿಯನ್ನು ಕೂಗಿದರು. ಕಾವೇರಮ್ಮ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಫೋನು ತೆಗೆದುಕೊಂಡರು. ಅವರು ಓದು ಕಲಿತದ್ದು ಮದುವೆಯಾದ ಎಷ್ಟೋ ವರ್ಷಗಳ ಮೇಲೆ, ಊರಿನ ಸಾಕ್ಷರತೆಯ ತರಗತಿಯಲ್ಲಿ. ಆದ್ದರಿಂದ ಅವರ ಪಾಲಿಗೆ ಓದುವುದೆಂದರೆ ಮೊದಲ ಅಕ್ಷರದಿಂದ ಹಿಡಿದು ಕೊನೆಯ ಚುಕ್ಕಿಯವರೆಗೂ ಓದುವುದು. ಮಿಠಾಯಿ ಸುತ್ತಿ ಬಂದ ಪತ್ರಿಕೆಯ ತುಂಡನ್ನೂ ಅವರು ಹಾಗೆಯೇ ಓದುತ್ತಿದ್ದರು.

"ನಂಬರ್ ಒಂದ್ ಓದೇ ಅಂದ್ರೆ!"

"ತಡೀರಿ. ಮಧ್ಯದಿಂದ ಓದಕ್ಕೆ ನಂಗ್ ಬರಾಕಿಲ್ಲ." ಅವರು ಅಕ್ಷರಕ್ಕೆ ಅಕ್ಷರ ಕೂಡಿಸಿದರು. "'ಈ ಸಂಖ್ಯೆಯನ್ನು... ಯಾರೊಂದಿಗೂ... ಹಂಚಿಕೊಳ್ಳಬೇಡಿ.' ಯಾರ್ಗೂ ಹೇಳ್ಬ್ಯಾಡಿ ಅಂತ ಬ್ಯಾಂಕ್ನೋರೇ ಬರ್ದವ್ರೆ ಕಣ್ರೀ."

"ಅದು ಬ್ಯಾರೆಯೋರ್ಗೆ. ಇವ್ರು ಆಫೀಸ್ನೋರು."

"ಆಫೀಸ್ನೋರ್ಗೆ ಹೇಳಿ ಅಂತ ಎಲ್ಲೂ ಬರ್ದಿಲ್ವಲ್ಲ. ಯಾರ್ಗೂ ಅಂದ್ರೆ ಇವ್ರೂ ಸೇರ್ಕೊಂಡ್ರು ತಾನೆ?"

ಆ ಮಾತು ಫೋನಿನ ಆಚೆಗೂ ಕೇಳಿಸಿರಬೇಕು. ದನಿಯಲ್ಲಿದ್ದ ಬೆಣ್ಣೆ ಒಮ್ಮೆಲೇ ಕರಗಿತು. "ಟೈಮ್ ವೇಸ್ಟ್ ಮಾಡ್ಬೇಡಿ. ಬೇಗ ಹೇಳಿ, ಬೇಗ. ಇಲ್ದಿದ್ರೆ ಪಿಂಚಣಿ ಬ್ಲಾಕ್ ಆಗತ್ತೆ, ಆಮೇಲೆ ನನ್ನ ಕೇಳ್ಬೇಡಿ."

ಬೇಗ ಎಂಬ ಆ ಒಂದು ಶಬ್ದಕ್ಕೆ ರಾಮಲಿಂಗಯ್ಯನವರ ಮೈ ಎಚ್ಚೆತ್ತಿತು. ಬಸ್ಸಿನಲ್ಲಿ ಜೇಬುಗಳ್ಳರು ಕೈಯಾಡಿಸುತ್ತಿದ್ದದ್ದು ಎಲ್ಲರೂ ಆರಾಮವಾಗಿ ಕೂತಾಗಲ್ಲ. ಬಾಗಿಲಲ್ಲಿ ನೂಕುನುಗ್ಗಲೆಬ್ಬಿಸಿ, "ಹತ್ರಿ, ಬೇಗ ಹತ್ರಿ" ಎಂದು ಹಿಂದಿನಿಂದ ಒತ್ತುವವನೇ ಜೇಬಿಗೆ ಬ್ಲೇಡು ಹಾಕುವವನು. ಆ ಒತ್ತುವಿಕೆಯನ್ನು ಅವರು ಈಗ ಕಿವಿಯಲ್ಲಿ ಅನುಭವಿಸಿದರು.

"ನಿಂತ್ರೆ ನಿಲ್ಲಲಿ ಬುಡಪ್ಪ," ಎಂದರು ನಿಧಾನವಾಗಿ. "ನಾನೇ ಆಫೀಸಿಗೆ ಬತ್ತೀನಿ. ನೀನು ಎಷ್ಟನೇ ಮಹಡೀಲಿ ಕೂತಿರ್ತೀಯ ಹೇಳು."

ಫೋನು ಕಡಿದುಹೋಯಿತು.

ಹುಳುಮನೆಯ ಚರಚರ ಸದ್ದು ಮತ್ತೆ ಕೇಳಿಸತೊಡಗಿತು. ರಾಮಲಿಂಗಯ್ಯನವರು ಕಂಬಕ್ಕೊರಗಿ ಬೆವರು ಒರೆಸಿಕೊಂಡರು. "ಬದುಕ್ಕಂಡ್ವಿ ಕಣೇ," ಎಂದರು. ಕಾವೇರಮ್ಮ ಮಜ್ಜಿಗೆ ತಂದುಕೊಟ್ಟು, ಅವರು ಕುಡಿಯುವುದನ್ನೇ ನೋಡುತ್ತ ನಿಂತು, ಆಮೇಲೆ ಕೇಳಿದರು: "ಅಲ್ಲಾ, ನಾನು ಕಾವೇರಮ್ಮ ಅಂತ ಅವನ್ಗೆ ಯಾರ್ ಹೇಳಿದ್ದು?"

ಲೋಟ ಅರ್ಧಕ್ಕೇ ಕೆಳಗಿಳಿಯಿತು. ಬಣ್ಣದ ಕೊಡೆ, ಮೇಜು, ಮೇಜಿನ ಮುಂದೆ ತಾವೇ ತೋಳು ಹಿಡಿದು ಕೂರಿಸಿದ ಚನ್ನಯ್ಯ, ಬಸ್ಸು ಹತ್ತಿಸಿ ಕರೆತಂದ ದೊಡ್ಡಲಕ್ಷ್ಮಮ್ಮ, ಒಬ್ಬೊಬ್ಬರ ಮುಖವೂ ಅವರ ಕಣ್ಣೆದುರು ಸಾಲಾಗಿ ಬಂತು. ಪಾರಾದ ನೆಮ್ಮದಿ ಒಂದು ಲೋಟ ಮಜ್ಜಿಗೆಯಷ್ಟು ಹೊತ್ತೂ ಬಾಳಲಿಲ್ಲ.

"ಸುಮ್ಕಿರಿ," ಎಂದರು ಕಾವೇರಮ್ಮ, ಗಂಡನ ಮುಖ ಓದಿ. "ನಮ್ಗೇನೂ ಆಗ್ನಿಲ್ಲ. ಈಗ್ ಹೋಗಿ ಹೇಳಿದ್ರೆ ಉಗೀತಾರೆ. ನಿಮ್ಮಿಂದ್ಲೇ ಹಿಂಗಾಯ್ತು ಅಂತಾರೆ."

"ಅನ್ಲಿ ಕಣೇ. ನನ್ನಿಂದ್ಲೇ ಅಲ್ವಾ ಆಗಿರೋದು?"

ಇದು ಸುಲಭವಾಗಿ ಬಂದ ಮಾತಲ್ಲ. ಒಂದು ನಾಣ್ಯದ ಚಿಲ್ಲರೆ ವ್ಯತ್ಯಾಸವಾದರೂ ಪ್ರಯಾಣಿಕನನ್ನು ಮುಂದಿನ ನಿಲ್ದಾಣದವರೆಗೂ ಹುಡುಕಿಕೊಂಡು ಹೋಗಿ ಕೊಟ್ಟ ಮನುಷ್ಯ ಅವರು; ಜನ ತಮ್ಮನ್ನು ನಂಬುತ್ತಾರೆ ಎಂಬುದೊಂದೇ ಅವರ ಆಸ್ತಿ, ಅದನ್ನು ಈಗ ತಾವಾಗಿಯೇ ಬೀದಿಯಲ್ಲಿ ಸುರಿಯಬೇಕಾಗಿತ್ತು. ಕೋಟು ತೊಟ್ಟು, ಒಂದು ಕ್ಷಣ ಯೋಚಿಸಿ, ಜೇಬಿನ ಪ್ಲಾಸ್ಟಿಕ್ ಕವರನ್ನು ತೆಗೆದು ಹೆಂಡತಿಯ ಕೈಗಿತ್ತು, ರಾಮನಗರದ ಬಸ್ಸು ಹತ್ತಿದರು.

ಬ್ಯಾಂಕಿನಲ್ಲಿ ವಿಷಯ ತಿಳಿಸಿ ಖಾತೆಯ ಮೇಲೆ ಕಣ್ಣಿಡಲು ಹೇಳಿ, ಅಲ್ಲಿಂದ ಸೈಬರ್ ಅಪರಾಧಗಳನ್ನು ನೋಡುವ ಪೊಲೀಸ್ ಠಾಣೆಗೆ ಹೋದರು. ಅಲ್ಲಿ ದೂರು ಬರೆದುಕೊಂಡದ್ದು ಶಿವಲಕ್ಷ್ಮಿ ಎಂಬ ಹೆಣ್ಣುಮಗಳು. ಠಾಣೆಯಲ್ಲಿ ನಗುತ್ತಾರೆಂದು ಹೆದರಿದ್ದ ರಾಮಲಿಂಗಯ್ಯನವರಿಗೆ ಆಕೆ ಕುರ್ಚಿ ಎಳೆದು ಕೊಟ್ಟಳು.

"ಪಿಂಚಣಿ ಆಫೀಸಿನವರು ಯಾವತ್ತೂ ಫೋನ್ ಮಾಡಿ ನಂಬರ್ ಕೇಳಲ್ಲ, ತಾತ. ಮೋಸ ಹೋದೋರು ನಾಚ್ಕೊಂಡು ಮನೇಲಿ ಕೂತ್ಕೋತಾರೆ, ಕಳ್ಳರಿಗೆ ಅದೇ ಬೇಕು. ಕಾಗದ ಕೊಟ್ಟೋರಿಗೆಲ್ಲ ಈಗಲೇ ಹೇಳಿ. ಯಾರದಾದ್ರೂ ದುಡ್ಡು ಹೋಗಿದ್ರೆ ತಕ್ಷಣ ೧೯೩೦ ಸಹಾಯವಾಣಿಗೆ ಫೋನ್ ಮಾಡ್ಲಿ. ಬೇಗ ಮಾಡಿದ್ರೆ ತಡೆ ಹಿಡಿಯೋಕಾಗುತ್ತೆ."

ಠಾಣೆಯ ಮೆಟ್ಟಿಲ ಮೇಲೆಯೇ ಕೂತು ಅವರು ಒಬ್ಬೊಬ್ಬರಿಗೇ ಫೋನು ಹಚ್ಚಿದರು. "ನಾನು ಕೆಟ್ಟೆ ಕಣಪ್ಪ, ನಿಮ್ಮನ್ನೂ ಕೆಡಿಸ್ಬುಟ್ಟೆ. ಯಾರೇ ಫೋನ್ ಮಾಡಿದ್ರೂ ಏನೂ ಹೇಳ್ಬ್ಯಾಡಿ" ಎಂದೇ ಪ್ರತಿಯೊಬ್ಬರಿಗೂ ಶುರು. ಕೆಲವರು ಬೈದರು, ಕೆಲವರು ತಣ್ಣಗೆ ಫೋನಿಟ್ಟರು. ಚನ್ನಯ್ಯನ ಫೋನು ಮಾತ್ರ ಮತ್ತೆ ಮತ್ತೆ ಬೇರೆ ಕರೆಯಲ್ಲಿದೆ ಎನ್ನುತ್ತಿತ್ತು. ವಾರಕ್ಕೆ ನಾಲ್ಕು ಮಾತಾಡದ ಚನ್ನಯ್ಯ ಇಷ್ಟು ಹೊತ್ತು ಯಾರೊಂದಿಗೆ ಮಾತಾಡಿಯಾನು? ರಾಮಲಿಂಗಯ್ಯನವರು ಬಸ್ಸಿಗೆ ಕಾಯದೆ, ಕೈಲಾಂಚದ ಕಡೆ ಹೊರಟಿದ್ದ ಹಾಲಿನ ಕ್ಯಾನಿನ ಬೈಕೊಂದನ್ನು ನಿಲ್ಲಿಸಿ ಹಿಂದೆ ಹತ್ತಿದರು.

ಚನ್ನಯ್ಯ ಮನೆಯ ಮುಂದಿನ ಕೊಟ್ಟಿಗೆಯ ನೆರಳಲ್ಲಿ ಕಲ್ಲಿನ ಮೇಲೆ ಕೂತಿದ್ದರು. ಮಡಿಲಲ್ಲಿ ಫೋನು ದೊಡ್ಡ ದನಿಯಲ್ಲಿ ಮಾತಾಡುತ್ತಿತ್ತು. ಕರೆ ಕಡಿಯಬಾರದು, ಮನೆಯಲ್ಲಿ ಯಾರಿಗೂ ಹೇಳಬಾರದು, ಹೇಳಿದರೆ ಪಿಂಚಣಿ ರದ್ದಾಗುತ್ತದೆ ಎಂದು ಅದು ಹೆದರಿಸಿತ್ತು. ಚನ್ನಯ್ಯ ಎಲ್ಲಕ್ಕೂ "ಹೂಂ" ಎನ್ನುತ್ತ, ಬಂದ ನಂಬರನ್ನು ಕಣ್ಣು ಕಿರಿದು ಮಾಡಿ ಓದಲು ಬಾಯಿ ತೆರೆದಿದ್ದರು. ದನಗಳ ಆಚೆ, ಬೇಲಿಯ ಬಳಿ ಬೈಕಿನಿಂದ ಇಳಿಯುತ್ತಿದ್ದ ರಾಮಲಿಂಗಯ್ಯನವರಿಗೆ ಓಡಿ ಬರುವಷ್ಟು ವ್ಯವಧಾನವಿರಲಿಲ್ಲ. ಹೊಟ್ಟೆಯಾಳದಿಂದ ಒಂದು ಕೂಗು ಬಂತು:

"ಹೋಲ್ಡಾನ್!"

ಬಸ್ಸನ್ನು ತಟ್ಟನೆ ನಿಲ್ಲಿಸಬೇಕಾದಾಗ ಕಂಡಕ್ಟರು ಕೂಗುವ ಕೂಗು ಅದು. ಆ ದನಿಗೆ ಚನ್ನಯ್ಯ ಅಷ್ಟೂ ವರ್ಷ ಹಿಂದಿರುಗಿ ನೋಡದೆ, ಯಾಕೆಂದು ಕೇಳದೆ ಬ್ರೇಕು ಒತ್ತಿದವರು. ಈಗಲೂ ಅವರ ಬಲಗಾಲು ತಾನಾಗಿಯೇ ಮುಂದಕ್ಕೆ ಚಾಚಿ ಕೊಟ್ಟಿಗೆಯ ಮಣ್ಣನ್ನು ಬಲವಾಗಿ ಒತ್ತಿತು. ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು.

ರಾಮಲಿಂಗಯ್ಯನವರು ಏದುಸಿರು ಬಿಡುತ್ತ ಬಂದು ಫೋನು ಕಸಿದು ಆರಿಸಿದರು. "ಹೇಳ್ಬುಟ್ಟೇನ್ಲಾ?"

ಚನ್ನಯ್ಯ ಇಲ್ಲವೆಂದು ತಲೆಯಾಡಿಸಿದರು. ರಾಮಲಿಂಗಯ್ಯನವರು ಕಲ್ಲಿನ ಮೇಲೆ ಅವರ ಪಕ್ಕದಲ್ಲೇ ಕೂತರು. ಆಗ ಚನ್ನಯ್ಯನೇ ಬಾಯಿ ಬಿಟ್ಟರು. "ಮನೇಲಿ ಹೇಳ್ಬ್ಯಾಡ ಅಂದ್ನಲ್ಲ, ಆಗ್ಲೇ ನಂಗೆ ಸಂಕ್ಟ ಆಯ್ತು ಕಣ್ಲಾ. ಒಬ್ನೇ ಆಗೋಗ್ಬುಟ್ಟೆ." ಅಷ್ಟು ಉದ್ದದ ಮಾತನ್ನು ರಾಮಲಿಂಗಯ್ಯನವರು ಅವರ ಬಾಯಲ್ಲಿ ಅದುವರೆಗೆ ಕೇಳಿರಲಿಲ್ಲ.

ಮುಂದಿನ ಭಾನುವಾರ ನಿವೃತ್ತ ನೌಕರರ ಮಾಸಿಕ ಸಭೆ. ರಾಮಲಿಂಗಯ್ಯನವರು ಎದ್ದು ನಿಂತು, ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ತಾವು ಕಾಗದ ಹಂಚಿದ್ದು, ಎಲ್ಲರನ್ನೂ ಕರೆತಂದದ್ದು, ಕಳ್ಳನ ಹೊಗಳಿಕೆಗೆ ಉಬ್ಬಿದ್ದು, ಹೆಂಡತಿ ಮೊದಲಿನಿಂದ ಓದದಿದ್ದರೆ ನಂಬರು ಹೇಳಿಯೇಬಿಡುತ್ತಿದ್ದದ್ದು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. "ನಗ್ರಿ, ನಗ್ರಿ," ಎಂದರು ರಾಮಲಿಂಗಯ್ಯನವರು, "ನಕ್ಕಾದ್ಮೇಲೆ ನಿಮ್ಗೂ ಫೋನ್ ಬಂದಿತ್ತಾ ಅಂತ ಒಸಿ ಹೇಳ್ರಿ."

ನಗು ನಿಂತಿತು. ದೊಡ್ಡಲಕ್ಷ್ಮಮ್ಮ ಎದ್ದರು. ಅವರು ರಾಮಲಿಂಗಯ್ಯನವರ ಫೋನು ಬಂದ ದಿನ ಏನೂ ಹೇಳದೆ ಇಟ್ಟವರಲ್ಲೊಬ್ಬರು. "ನಂದು ಹೋಯ್ತು ಕಣಣ್ಣ," ಎಂದರು. "ನಿಮ್ಮ ಫೋನ್ ಬರೋ ಹಿಂದಿನ ದಿನಾನೇ ಹೋಗಿತ್ತು. ಮಗ್ಳಿಗೂ ಹೇಳಿಲ್ಲ. ಮನೇಲಿ ಅಕ್ಕಿ ಆರ್ಸ್ಕೊಂಡು ಅಳ್ತಾ ಕೂತಿದ್ದೆ. ನಿಮ್ಗೂ ಶಾಪ ಹಾಕ್ದೆ."

"ಹಾಕ್ಬೇಕಾದ್ದೇ ಕಣಮ್ಮ" ಎಂದು ರಾಮಲಿಂಗಯ್ಯನವರು ಕೈಮುಗಿದರು. ಆ ಕೂಡಲೇ ಸಭೆಯ ಮಧ್ಯದಲ್ಲೇ ೧೯೩೦ಕ್ಕೆ ಫೋನು ಹಚ್ಚಿ ಅವರ ಕೈಗೆ ಕೊಟ್ಟರು. ತಡವಾಗಿತ್ತು, ಆದರೆ ತೀರಾ ತಡವಾಗಿರಲಿಲ್ಲ. ದೊಡ್ಡಲಕ್ಷ್ಮಮ್ಮನವರ ಹಣದಲ್ಲಿ ಒಂದಿಷ್ಟು ಕೈತಪ್ಪಿಹೋಯಿತು. ಬಹುಪಾಲು ಯಾವುದೋ ದೂರದ ಖಾತೆಯಲ್ಲಿ ತಡೆಹಿಡಿಯಲ್ಪಟ್ಟು, ಅಲೆದಾಟದ ನಂತರ ಹಿಂದಿರುಗಿತು. ಹಿಂದಿರುಗಿದ ದಿನ ಅವರು ಕೂಟಗಲ್ಲಿಗೆ ಬಂದು, ರಾಮಲಿಂಗಯ್ಯನವರನ್ನು ಇನ್ನೊಮ್ಮೆ ಚೆನ್ನಾಗಿ ಬೈದು, ಕಾವೇರಮ್ಮನ ಕೈಯ ಉಪ್ಪೆಸರು ಮುದ್ದೆ ಉಂಡು ಹೋದರು. ಆ ಬೈಗುಳದಿಂದ ರಾಮಲಿಂಗಯ್ಯನವರಿಗೆ ಎಷ್ಟು ಹಗುರವಾಯಿತೆಂದರೆ ಅಂದು ಅವರು ಮಧ್ಯಾಹ್ನವೇ ಗೊರಕೆ ಹೊಡೆದು ನಿದ್ದೆ ಮಾಡಿದರು.

ಕೊಡೆಯ ಕೆಳಗಿನವರು ಎಲ್ಲಿ ಹೋದರೋ ಇನ್ನೂ ತಿಳಿದಿಲ್ಲ. ಆದರೆ ಆ ಸಭೆಯಲ್ಲಿದ್ದವರ ಪೈಕಿ ಮತ್ತಾರೂ ಅವರ ಬಲೆಗೆ ಬೀಳಲಿಲ್ಲ. ರಾಮಲಿಂಗಯ್ಯನವರೇ ಎಲ್ಲರನ್ನೂ ಆಧಾರ್ ಕೇಂದ್ರಕ್ಕೆ ಕರೆದೊಯ್ದು, ಬೇರೆ ಯಾರೂ ಬಳಸಲಾಗದಂತೆ ಬೆರಳಚ್ಚಿಗೆ ಬೀಗ ಹಾಕಿಸಿದರು. ಈಗ ಯಾರಾದರೂ ಕಾಗದದ ಪ್ರತಿ ಕೇಳಿದರೆ ಅವರು ಮೊದಲು ಯಾತಕ್ಕೆಂದು ಕೇಳುತ್ತಾರೆ. ಉತ್ತರ ಒಪ್ಪಿಗೆಯಾದರೆ ಪ್ರತಿಯ ಮೇಲೆ ಅಡ್ಡಡ್ಡವಾಗಿ "ಇಂಥ ಕೆಲಸಕ್ಕೆ ಮಾತ್ರ" ಎಂದು ದಪ್ಪಕ್ಷರದಲ್ಲಿ ಬರೆದು, ತಾರೀಖು ಹಾಕಿ ಕೊಡುತ್ತಾರೆ. ಹುಡುಗರು ಅವರನ್ನು "ಹೋಲ್ಡಾನ್ ತಾತ" ಎನ್ನುತ್ತಾರೆ. ಅವರಿಗೆ ಬೇಸರವಿಲ್ಲ.

ಲೋಕದಲ್ಲಿ ಜಾಣರಿಗೆ ಬರವಿಲ್ಲ. ತಾವು ಹೇಗೆ ಮೋಸ ಹೋಗಲಿಲ್ಲ ಎಂಬುದನ್ನು ಅವರು ಸೊಗಸಾಗಿ ವರ್ಣಿಸಬಲ್ಲರು; ಕೇಳಿದವರು ಮೆಚ್ಚಿ ತಲೆದೂಗಿ, ತಾವೂ ಅಷ್ಟೇ ಜಾಣರೆಂದು ಭಾವಿಸಿ ಮನೆಗೆ ಹೋಗಿ, ಮರುದಿನವೇ ಬಲೆಗೆ ಬೀಳುತ್ತಾರೆ. ರಾಮಲಿಂಗಯ್ಯನವರಂಥವರ ಜಾತಿ ಬೇರೆ. ಅವರು ಸುಲಭವಾಗಿ ನಂಬುತ್ತಾರೆ, ಸುಲಭವಾಗಿ ಎಡವುತ್ತಾರೆ. ಆದರೆ ಎಡವಿದ ಮೇಲೆ ಧೂಳು ಕೊಡವಿಕೊಂಡು ಯಾರೂ ನೋಡಲಿಲ್ಲವೆಂದು ಮೆಲ್ಲನೆ ಜಾರಿಕೊಳ್ಳುವುದು ಅವರಿಗೆ ತಿಳಿಯದು. ಕಳ್ಳನ ನಿಜವಾದ ಬಂಡವಾಳ ನಮ್ಮ ಆಧಾರ್ ಸಂಖ್ಯೆಯೂ ಅಲ್ಲ, ಪಿಂಚಣಿ ನಂಬರೂ ಅಲ್ಲ. ಮೋಸ ಹೋದೆವೆಂದು ಹೇಳಿಕೊಳ್ಳಲು ನಮಗಿರುವ ನಾಚಿಕೆ. ಆ ನಾಚಿಕೆಯನ್ನು ಮೊದಲು ಬಿಟ್ಟ ಒಬ್ಬ ಮನುಷ್ಯ ಊರಲ್ಲಿದ್ದರೆ, ಉಳಿದವರು ಬಾಗಿಲು ತೆಗೆದಿಟ್ಟೇ ಮಲಗಬಹುದು ಎಂದಲ್ಲ. ಬಾಗಿಲು ಮುರಿದಾಗ ಕೂಗಿಕೊಳ್ಳಬಹುದು, ಕೂಗಿದರೆ ಯಾರಾದರೂ ಓಡಿ ಬರುತ್ತಾರೆ ಎಂಬ ಧೈರ್ಯ ಅವರಿಗಿರುತ್ತದೆ.